ಹೊಲಿಗೆಗೆ ಬಿಟ್ಟ ಅಂಚು

ಆ ಭಾನುವಾರ ಸಂಜೆ ನಮ್ಮ ಮನೆಯವರು ನನ್ನನ್ನು ಹೊಸ್ತಿಲ ಮೇಲೆ ನಿಲ್ಲಿಸಿ, "ಉಸ್ರು ಬಿಡಬ್ಯಾಡ" ಅಂದರು. ಹೆಂಡತಿಗೆ ಉಸಿರು ಬಿಡಬೇಡ ಅಂದ ಗಂಡಸರನ್ನು ಸಾಮಾನ್ಯವಾಗಿ ಪೊಲೀಸರು ಕರೆದುಕೊಂಡು ಹೋಗುತ್ತಾರೆ. ಇವರನ್ನು ಯಾರೂ ಕರೆದುಕೊಂಡು ಹೋಗಲಿಲ್ಲ. ಇವರು ಸಿನಿಮಾ ಮಾಡುತ್ತಿದ್ದಾರೆ ಅನ್ನುವುದು ಆಂಧ್ರದ ಗಡಿಯ ರಾಯದುರ್ಗದಲ್ಲಿ ನಮ್ಮ ಬೀದಿಗೆಲ್ಲ ಗೊತ್ತಿತ್ತು. ಎದುರು ಮನೆಯಾಕೆ ಒಣಗಿದ ಬಟ್ಟೆ ತೆಗೆಯುತ್ತಾ, "ಇವತ್ತು ನಿನ್ನ ಪಾಳಿ ಏನವ್ವ?" ಎಂದು ಕೇಳಿ ಒಳಗೆ ಹೋದಳು. ನಮ್ಮ ಅವ್ವ ಅಡುಗೆಮನೆಯಿಂದಲೇ, "ಹೊಸ್ತಿಲ ಮ್ಯಾಲೆ ನಿಂದ್ರಬಾರ್ದು ಅಂತ ಯಾರಾರ ಅವ್ರಿಗೆ ಹೇಳ್ರಿ" ಎಂದು ಗೋಡೆಗೆ ಹೇಳಿದಳು. ಅಳಿಯನಿಗೆ ನೇರವಾಗಿ ಹೇಳುವ ಪದ್ಧತಿ ನಮ್ಮಲ್ಲಿ ಇಲ್ಲ.

ನಾನು ಮಾಡಬೇಕಾಗಿದ್ದ ಕೆಲಸ ಬಹಳ ಸಣ್ಣದು. ಬೀದಿಯ ತುದಿಯಿಂದ ಒಬ್ಬ ಮನುಷ್ಯ ನಡೆದು ಬರುತ್ತಿದ್ದಾನೆ ಅಂತ ತಿಳಿದುಕೊಂಡು, ಅತ್ತ ನೋಡಿ, "ಬರ್ರಿ, ಹೊತ್ತಾತು, ಮುದ್ದಿ ಆರ್ತೈತಿ" ಅನ್ನಬೇಕು. ಅಷ್ಟೇ. ಮದುವೆಯಾದಾಗಿನಿಂದ ದಿನಾ ಅನ್ನುತ್ತಿದ್ದ ಮಾತು ಅದು. ಚೆನ್ನಾಗಿ ಅಂದೆ ಎಂದು ಯಾರೂ ಹೊಗಳಿರಲಿಲ್ಲ. ಆದರೆ ಅವತ್ತು ಅನ್ನುವುದಕ್ಕೆ ಮೊದಲು ಸುಮ್ಮನೆ ನಿಲ್ಲಬೇಕಿತ್ತು. ಅಂದ ಮೇಲೂ ಸುಮ್ಮನೆ ನಿಲ್ಲಬೇಕಿತ್ತು. ಇವರು "ಹೂಂ" ಅಂದರೆ ಶುರು, "ಆಯ್ತು" ಅಂದರೆ ಮುಗಿಯಿತು. ನಡುವೆ ಅಲ್ಲಾಡುವಂತಿಲ್ಲ.

ನಾನು ಅಂದೆ. ನಿಂತೆ. ನಿಂತೇ ಇದ್ದೆ. ಮೂಗಿನ ಮೇಲೆ ನೊಣ ಕೂತಿತು, ಎದ್ದು ಹೋಯಿತು, ಮತ್ತೆ ಬಂತು. "ಆಯ್ತು" ಬರಲಿಲ್ಲ. ಓರೆಗಣ್ಣಿನಲ್ಲಿ ನೋಡಿದರೆ ಇವರು ಫೋನನ್ನು ಮೂಗಿಗೆ ತಾಗಿಸುವಷ್ಟು ಹತ್ತಿರ ಹಿಡಿದುಕೊಂಡು ಅದರ ಬೆನ್ನು ತಟ್ಟುತ್ತಿದ್ದರು.

"ಜಾಗ ತುಂಬೋಗೈತೆ ಕಣಮ್ಮಿ. ತಾನಾಗೇ ನಿಂತೋಗೈತೆ."

"ನಾ ನಿಂತಿದ್ದು ಬಂತೋ ಇಲ್ಲೋ?"

"ಯಾವನಿಗ್ಗೊತ್ತು. ನಾಳೆ ಇದೇ ಬೆಳಕಿಗೆ ಇನ್ನೊಂದ್ ಸಲ ನಿಂತ್ಕೊ. ಸೀರೆ ಒಗಿಬ್ಯಾಡ."

ಸೀರೆ ಒಗೆಯಲಿಲ್ಲ. ಮುದ್ದೆ ನಿಜವಾಗಿಯೂ ಆರಿತ್ತು, ಹಾಗೇ ಉಂಡೆವು. ನಮ್ಮ ಮನೆಯ ಕೊನೆಯ ಮಾಮೂಲಿ ದಿನ ಅದು.

ನಮ್ಮ ಮನೆಯವರಷ್ಟು ವಿಚಿತ್ರ ಮನುಷ್ಯನನ್ನು ನೀವು ನೋಡಿರಲಾರಿರಿ. ನೋಡಿದ್ದೇನೆ ಅಂತ ಯಾರಾದರೂ ಅಂದರೆ ಅವರು ನಮ್ಮ ಮನೆಗೇ ಬಂದಿದ್ದವರಾಗಿರಬೇಕು. ಸಿನಿಮಾದಲ್ಲಿ ಜನ ಮಾತಾಡಲಿ, ಹೊಡೆದಾಡಲಿ, ಕುಣಿಯಲಿ ಅಂತ ಲೋಕವೆಲ್ಲ ಬಯಸಿದರೆ, ಇವರು ಜನ ಸುಮ್ಮನೆ ನಿಲ್ಲಲಿ ಅಂತ ಬಯಸುತ್ತಿದ್ದರು. ಇದಕ್ಕೆ ಕಾರಣ ಯಾವ ದೊಡ್ಡ ಸಿನಿಮಾವೂ ಅಲ್ಲ. ಪ್ಯಾಂಟು!

ಇವರು ಮಡಕಶಿರಾ ಕಡೆಯ ರೊಳ್ಳದವರು. ಅಲ್ಲಿನ ಹುಡುಗರಿಗೆ ಮೀಸೆ ಮೂಡುವ ಹೊತ್ತಿಗೆ ಬೆಂಗಳೂರಿನ ಬಸ್ಸಿನ ಟೈಮು ಬಾಯಿಪಾಠವಾಗಿರುತ್ತದೆ. ಇವರೂ ಹಾಗೆ ಹೋಗಿ, ಒಂದು ಗಾರ್ಮೆಂಟ್ಸಿನಲ್ಲಿ ಬಟ್ಟೆಯ ಉಂಡೆ ಹೊರುವ ಕೆಲಸಕ್ಕೆ ಸೇರಿ, ಕತ್ತರಿಸುವುದನ್ನು ಕಲಿತು, ಆಮೇಲೆ ಜೀನ್ಸ್ ಹೊಲಿಯುವ ನಮ್ಮ ರಾಯದುರ್ಗಕ್ಕೆ ಕಟಿಂಗ್ ಮಾಸ್ಟರಾಗಿ ಬಂದರು. ನಾನು ಆಗ ಹತ್ತನೆಯ ತರಗತಿ ಮುಗಿಸಿ, ಮನೆಯಲ್ಲೇ ಕೂತು, ಹೊಲಿದ ಪ್ಯಾಂಟುಗಳಲ್ಲಿ ಜೋತು ಬಿದ್ದ ದಾರ ಕತ್ತರಿಸುತ್ತಿದ್ದೆ. ಪ್ಯಾಂಟಿನ ಶುರುವಿಗೆ ಇವರ ಕತ್ತರಿ, ಕೊನೆಗೆ ನನ್ನ ಕತ್ತರಿ. ಇನ್ನು ಮದುವೆಯಾಗದೆ ಏನಾಗುತ್ತದೆ? ಅವರದು ಮುದ್ದೆ, ನಮ್ಮದು ರೊಟ್ಟಿ. ಅವರು ಕಡ್ಲೆಕಾಯಿ ಅಂದರೆ ನಾವು ಶೇಂಗಾ ಅನ್ನುತ್ತಿದ್ದೆವು. ಮೊದಲ ವರ್ಷವೆಲ್ಲ ಒಂದೇ ಡಬ್ಬಿಗೆ ಎರಡು ಹೆಸರಿಟ್ಟುಕೊಂಡು ಜಗಳವಾಡಿದೆವು.

ಕಟಿಂಗ್ ಅಂದರೆ ಏನು ಅಂತ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಇವರ ಸಿನಿಮಾ ಅರ್ಥವಾಗುವುದಿಲ್ಲ. ಹೇಳಿದರೂ ಅರ್ಥವಾಗುವುದಿಲ್ಲ ಅಂತ ಕೆಲವರ ಅಭಿಪ್ರಾಯ. ಉದ್ದನೆಯ ಟೇಬಲ್ಲಿನ ಮೇಲೆ ಬಟ್ಟೆಯನ್ನು ಪದರದ ಮೇಲೆ ಪದರ ಹಾಸಿ, ಮೇಲೆ ಗೆರೆ ಹಾಕಿ, ಎಲ್ಲ ಪದರಗಳನ್ನೂ ಒಟ್ಟಿಗೆ ಮಷಿನ್ನಿನಿಂದ ಕತ್ತರಿಸುತ್ತಾರೆ. ಹೊಲಿಗೆ ಬೀಳುವ ಗೆರೆಯ ಮೇಲೇ ಕತ್ತರಿಸಿದರೆ ಅಷ್ಟೂ ಪ್ಯಾಂಟು ಹಾಳು. ಗೆರೆಯ ಆಚೆ ಒಂದಿಷ್ಟು ಬಟ್ಟೆ ಬಿಡಬೇಕು. ಅದಕ್ಕೆ ಇವರು ಅಂಚು ಅನ್ನುತ್ತಿದ್ದರು. ಪ್ಯಾಂಟು ಹಾಕಿಕೊಂಡವನಿಗೆ ಅಂಚು ಕಾಣುವುದಿಲ್ಲ. ಅದು ಒಳಗೆ ಮಡಚಿಕೊಂಡಿರುತ್ತದೆ. ಆದರೆ ಬಗ್ಗಿದಾಗ ಪ್ಯಾಂಟು ಪರ್‍ರನೆ ಹರಿದು ಮಾನ ಹೋಗದಂತೆ ಕಾಯುವುದು ಅದೇ.

ಫೋನಿನಲ್ಲಿ ವಿಡಿಯೊ ತೆಗೆದು ನೆಟ್ಟಿಗೆ ಹಾಕುವ ಹುಚ್ಚು ಊರಿಗೆಲ್ಲ ಹತ್ತಿದ ಕಾಲದಲ್ಲಿ ಇವರಿಗೂ ಹತ್ತಿತು. ಬಟ್ಟೆಯ ಪದರ ಜಾರದಂತೆ ಹಿಡಿಯುವ ಕಬ್ಬಿಣದ ಕ್ಲಿಪ್ಪಿನಿಂದ ಫೋನನ್ನು ಸ್ಟೂಲಿಗೆ ಕಚ್ಚಿಸಿ, ಮೊದಲ ವಿಡಿಯೊ ಮಾಡಿದರು: ಜೇಬು ಕತ್ತರಿಸುವುದು ಹೇಗೆ. ಅದನ್ನು ಇಬ್ಬರು ನೋಡಿದರು. ಒಬ್ಬರು ಇವರು. ಇನ್ನೊಬ್ಬಳು ನಾನು, ಅದೂ ಅನ್ನ ಬಡಿಸುವ ಮೊದಲು ನೋಡಬೇಕೆಂಬ ಷರತ್ತಿನ ಮೇಲೆ. ಕೆಲವು ದಿನಗಳ ಮೇಲೆ ಮೂರನೆಯವನೊಬ್ಬ ಬಂದು, ಪ್ಯಾಂಟು ಹೋಲ್‌ಸೇಲ್ ರೇಟಿಗೆ ಸಿಗುತ್ತಾ ಅಂತ ಕೇಳಿ ಹೋದ.

ಜೇಬಿನಿಂದ ಕಥೆಗೆ ಬಂದರು. ಬರುವಾಗ ಅಂಚನ್ನೂ ತಂದರು.

"ಬಾಯ್ ತೆಗೆದ ತಕ್ಷಣ ಶುರು ಮಾಡಿ, ಬಾಯ್ ಮುಚ್ಚಿದ ತಕ್ಷಣ ಕತ್ರಿಸಿದ್ರೆ ಮಾತು ಬಿಚ್ಚೋಗ್ತದೆ ಕಣಮ್ಮಿ. ಮಾತಿಗೆ ಮುಂಚೆ ಒಸಿ, ಮಾತಾದ್ಮೇಲೆ ಒಸಿ, ಮನುಷ್ಯ ಸುಮ್ಕೆ ಇರಬೇಕು. ಅವನು ಯಾರು ಅಂತ ಗೊತ್ತಾಗೋದು ಅವಾಗ್ಲೇ."

ಇದು ಕೇಳುವುದಕ್ಕೆ ಚೆನ್ನಾಗಿದೆ. ಚಾ ಅಂಗಡಿಯ ಬಸಣ್ಣನನ್ನು ಕೇಳಿ, ಎಷ್ಟು ಚೆನ್ನಾಗಿದೆ ಅಂತ ಹೇಳುತ್ತಾನೆ. ಬಸಣ್ಣನ ಅಂಗಡಿ ಇವರು ಕೆಲಸ ಮಾಡುತ್ತಿದ್ದ ಜೀನ್ಸ್ ಯೂನಿಟ್ಟಿನ ಎದುರಿಗೇ ಇದೆ. ಒಂದು ಕಥೆಯಲ್ಲಿ ಅವನು ಗಿರಾಕಿಗೆ ಚಾ ಕೊಟ್ಟು, "ಸಕ್ಕರಿ ಸಾಕೇನ್ರಿ?" ಅನ್ನಬೇಕಿತ್ತು. ಅಂದ. ಅಂಚಿಗಾಗಿ ನಿಂತ. ಸೌಟು ಹಿಡಿದ ಕೈ ಮೇಲೆ, ಕಣ್ಣು ಬಿಟ್ಟ ಹಾಗೇ, ಬಾಯಿ ಅರ್ಧ ತೆರೆದು. ಆಗ ಚಾ ಕುಡಿಯಲು ಬಂದ ಒಬ್ಬ ಲಾರಿ ಡ್ರೈವರ್ ಇದನ್ನು ನೋಡಿ, ಇವನಿಗೆ ಲಕ್ವ ಹೊಡೆದಿದೆ ಅಂತ ತಿಳಿದು, ಓಡಿ ಬಂದು ಎರಡೂ ರೆಟ್ಟೆ ಹಿಡಿದು ಅಲ್ಲಾಡಿಸಿ, ಮುಖಕ್ಕೆ ನೀರು ಎರಚಿದ.

"ಬಿಡೋ ಮಾರಾಯ, ನಾ ಸತ್ತಿಲ್ಲ, ಅಂಚು ಬಿಡಾಕತ್ತೀನಿ" ಅಂದ ಬಸಣ್ಣ. ಆಮೇಲೆ ಇವರ ಕಡೆ ತಿರುಗಿ, "ಏನ್ ಮಾಸ್ಟರ್ರ, ಹಾಲು ಉಕ್ಕಿ ಒಲಿ ಆರಿತು, ನಿಮ್ಮ ಅಂಚು ಮುಗೀಲಿಲ್ಲಲ್ರಿ?"

"ಆಯ್ತು" ಅಂದರು ಇವರು, ಆಗ. ಆ ಚಿತ್ರದಲ್ಲಿ ನೀರು ಎರಚಿದ್ದೂ ಇದೆ. ಜನ ಚೆನ್ನಾಗಿ ನೋಡಿದ ಇವರ ಮೊದಲ ವಿಡಿಯೊ ಅದೇ. ಬಸಣ್ಣ ಅಂಗಡಿಯ ಗೋಡೆಗೆ ತನ್ನ ಒದ್ದೆ ಮುಖದ ಫೋಟೊ ಅಂಟಿಸಿಕೊಂಡ.

ಇವರ ಇನ್ನೊಂದು ಶೋಧ ಪದರ. ಬಟ್ಟೆಯನ್ನು ಒಂದೊಂದಾಗಿ ಕತ್ತರಿಸಿದರೆ ಹೊತ್ತು ಹೋಗುತ್ತದೆ, ಪದರ ಹಾಸಿ ಒಂದೇ ಸಲ ಕತ್ತರಿಸಿದರೆ ಲಾಭ. ಹಾಗೆಯೇ ಸಿನಿಮಾ! ಭಾನುವಾರ ಒಂದೇ ರಜೆ. ಅದಕ್ಕಾಗಿ ನಾಲ್ಕು ಕಥೆಗಳಲ್ಲಿ ನಮ್ಮ ಅವ್ವನ ಪಾಲಿಗೆ ಬಂದದ್ದನ್ನೆಲ್ಲ ಒಂದೇ ದಿನ ತೆಗೆದುಬಿಡುತ್ತಿದ್ದರು. ಹಾಗಾಗಿ ನಮ್ಮ ಅವ್ವ ಒಂದು ಭಾನುವಾರ ಬೆಳಿಗ್ಗೆ ಅತ್ತೆಯಾಗಿ ಬೈದು, ಊಟದ ಹೊತ್ತಿಗೆ ಬೀಗಿತಿಯಾಗಿ ನಕ್ಕು, ಮಧ್ಯಾಹ್ನ ಚಾಪೆಯ ಮೇಲೆ ಸತ್ತು, ಸಂಜೆಗೆ ಎದ್ದು ಜ್ಯೋತಿಷ್ಯ ಹೇಳಿದಳು. ಎಲ್ಲದಕ್ಕೂ ಅದೇ ಹಸಿರು ಸೀರೆ. ಸತ್ತದ್ದಂತೂ ಬಹಳ ಚೆನ್ನಾಗಿ ಬಂದಿತ್ತು. ಇವರು "ಆಯ್ತು" ಅನ್ನುವ ಹೊತ್ತಿಗೆ ಅವ್ವ ನಿಜವಾಗಿಯೂ ನಿದ್ದೆ ಹೋಗಿದ್ದಳು.

ಆ ಸಾವಿನ ತುಣುಕು ಫೋನಿನಿಂದ ಫೋನಿಗೆ ಹೋಗಿ, ಕಥೆಯಿಂದ ಹರಿದು ಬೇರೆಯಾಗಿ, ಗುಮ್ಮಗಟ್ಟದಲ್ಲಿರುವ ನಮ್ಮ ದೊಡ್ಡವ್ವನಿಗೆ, ಅಂದರೆ ಅವ್ವನ ಅಕ್ಕನಿಗೆ, ಮುಟ್ಟಿತು. ಮರುದಿನ ಮಧ್ಯಾಹ್ನ ಒಂದು ಆಟೊ ತುಂಬ ಜನ ಹೂವಿನ ಹಾರ ಸಮೇತ ನಮ್ಮ ಬಾಗಿಲಿಗೆ ಬಂದು ಇಳಿದರು. ದೊಡ್ಡವ್ವ ಬೀದಿಯಿಂದಲೇ, "ನನ್ನ ಬಿಟ್ಟು ಹೆಂಗ ಹೋದಿಯೇ ತಂಗೀ" ಅಂತ ಎದೆ ಬಡಿದುಕೊಂಡು ಒಳಗೆ ಬಂದಳು. ಅವ್ವ ಮೊರದಲ್ಲಿ ಅಕ್ಕಿ ಕೇರುತ್ತಿದ್ದಳು.

"ನೀ ಸತ್ತಿಲ್ಲೇನೇ?"

"ನಿನ್ನೆ ಸತ್ತಿದ್ದೆ. ಚಾ ಕುಡೀತಿಯೇನು?"

ಸತ್ತವಳ ಕೈಯಿಂದಲೇ ಎಲ್ಲರೂ ಚಾ ಕುಡಿದರು. ದೊಡ್ಡವ್ವನಿಗೆ ಮಾತ್ರ ಸಿಟ್ಟು ಇಳಿಯಲಿಲ್ಲ. "ಇನ್ನೊಮ್ಮೆ ನಿಮ್ಮ ಮನ್ಯಾಗ ಯಾರಾರ ಸತ್ರು ಅಂದ್ರ ನಾ ಬರಂಗಿಲ್ಲ ನೋಡ್ರಿ" ಎಂದು ಪದ್ಧತಿ ಮರೆತು ಇವರಿಗೇ ಹೇಳಿ ಆಟೊ ಹತ್ತಿದಳು. ತಂದ ಹಾರವನ್ನು ವಾಪಸು ಒಯ್ಯಬಾರದಂತೆ. ಇವರು ಅದನ್ನು ಫೋನು ಕಚ್ಚಿಸುವ ಸ್ಟೂಲಿಗೆ ಹಾಕಿದರು.

ಹೀಗೆ ಊರು ನಗುತ್ತಿದ್ದರೂ ಇವರಿಗೆ ಇದು ಹುಡುಗಾಟವಾಗಿರಲಿಲ್ಲ. ಕಟಿಂಗ್ ಟೇಬಲ್ಲಿಗೆ ಬೆನ್ನು ಹಾಕಿ ಇದರಲ್ಲೇ ಬದುಕಬೇಕು ಅಂತ ಇವರಿಗಿತ್ತು. ದಿನವೆಲ್ಲ ನಿಂತು ಕಾಲಿನ ನರ ಉಬ್ಬಿದ್ದವು. ಬಟ್ಟೆಯ ನೀಲಿ ಬಣ್ಣ ಉಗುರಿನ ಸಂದಿಯಲ್ಲಿ ಕೂತು, ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಇವರು ತಿಂದ ಮುದ್ದೆಯ ತಟ್ಟೆಯಂಚಿನಲ್ಲೂ ನೀಲಿ ಬೆರಳಿನ ಗುರುತು ಇರುತ್ತಿತ್ತು. "ಒಂದ್ ಪೂರ್ತಿ ಪಿಚ್ಚರ್ ಮಾಡ್ತೀನಿ. ಜನ ಮೊದ್ಲಿಂದ ಕೊನೆ ಗಂಟ ಎದ್ದೋಗ್ದಂಗೆ ಕೂತು ನೋಡಿದ್ರೆ, ಅವತ್ತೇ ಈ ಕತ್ರಿ ಮಷಿನ್ನು ಬಿಡ್ತೀನಿ" ಅನ್ನುತ್ತಿದ್ದರು. ಎಲ್ಲರ ಕೈಯಲ್ಲೂ ಫೋನಿರುವಾಗ ಯಾರಾದರೂ ಕೊನೆಯವರೆಗೆ ಕೂತು ನೋಡುತ್ತಾರೆಯೇ? ಆದರೂ ಇವರಿಗೆ ಬೇಕಾಗಿದ್ದು ಅದೊಂದೇ.

ಇವರ ಯೂನಿಟ್ಟಿನ ಯಜಮಾನರು ಒಳ್ಳೆಯವರು. ಇವರಿಗೆ ಬುದ್ಧಿ ಹೇಳಿದರು.

"ಮಾಸ್ಟರ್, ಕನ್ನಡದಾಗ ಮಾಡಿದ್ರ ಯಾರು ನೋಡ್ತಾರ್ರಿ? ತೆಲುಗುದಾಗ ಮಾಡ್ರಿ, ಅತ್ತ ಹೈದರಾಬಾದ್ ಗಂಟ ಹೋಗ್ತೈತಿ."

"ಯಜಮಾನ್ರೇ, ನನ್ ಪಿಚ್ಚರ್‌ನಾಗೆ ಜನ ಬಾಳಾ ಹೊತ್ತು ಸುಮ್ಕೆ ನಿಂತಿರ್ತಾರೆ. ಅದು ಯಾವ ಭಾಷೆ?"

ಯಜಮಾನರು ಒಂದು ಗಳಿಗೆ ಸುಮ್ಮನಾದರು. ಇವರು ಮನೆಗೆ ಬಂದು, "ಎಷ್ಟ್ ಚೆನ್ನಾಗಿ ಅಂಚು ಬಿಟ್ರು ಗೊತ್ತಾ, ಫೋನ್ ಇರಲಿಲ್ಲ ಕೈಯಾಗೆ" ಎಂದು ಹಲುಬಿದರು.

ಇದರಲ್ಲೇ ಬದುಕಬೇಕು ಅಂತ ಒಂದು ಮದುವೆಯ ವಿಡಿಯೊ ಕೂಡ ಒಪ್ಪಿಕೊಂಡರು. ಊರಿನ ಒಬ್ಬ ಕಿರಾಣಿ ವ್ಯಾಪಾರಿಯ ಮಗಳ ಮದುವೆ. ತಾಳಿ ಕಟ್ಟಿದ್ದನ್ನು ತೆಗೆದರು, ನಿಜ. ಆದರೆ ತಾಳಿ ಕಟ್ಟಿ, ಗಟ್ಟಿಮೇಳ ನಿಂತು, ಅಕ್ಷತೆ ಹಾಕಿದವರೆಲ್ಲ ಊಟದ ಸಾಲಿಗೆ ಓಡಿದರಲ್ಲ, ಆಮೇಲೂ ಫೋನು ನಿಲ್ಲಿಸಲಿಲ್ಲ. ಹುಡುಗಿಯ ತಂದೆ ಖಾಲಿ ಮಂಟಪದ ಪಕ್ಕ ಒಂದು ಕುರ್ಚಿಯಲ್ಲಿ ಕೂತು, ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡು, ಅದರ ಜರಿಯನ್ನು ಬೆರಳಿನಿಂದ ಸವರುತ್ತಿದ್ದರು. ಅದನ್ನು ತೆಗೆದರು. ಊಟದ ಸಾಲು, ಮುಯ್ಯಿ ಕೊಟ್ಟವರ ಸಾಲು, ಯಾವುದೂ ಇಲ್ಲ.

"ನಮ್ಮ ಕಡಿ ಬೀಗರ ಮುಖಾನ ಇಲ್ಲಲ್ರಿ ಇದ್ರಾಗ! ಕುರ್ಚಿ ಮ್ಯಾಲೆ ಕುಂತ ನಮ್ಮ ಮಾವನ್ನ ಯಾರು ನೋಡ್ಬೇಕು?" ಎಂದು ಹೊಸ ಅಳಿಯ ಮನೆಗೇ ಬಂದು ರೇಗಾಡಿದ. ಇವರು ತಲೆ ಬಗ್ಗಿಸಿ ಕೇಳಿಸಿಕೊಂಡರು. ಆಮೇಲೆ ಯಾರೂ ಮದುವೆಗೆ ಕರೆಯಲಿಲ್ಲ. ಮದುವೆಯ ಹುಡುಗಿ ಮಾತ್ರ ಆ ತುಣುಕನ್ನು ಬೇರೆಯಾಗಿ ಕೇಳಿ ಕಳಿಸಿಕೊಂಡಳು.

ಕಡೆಗೆ ಪೂರ್ತಿ ಪಿಚ್ಚರಿನ ಕಥೆ ಸಿಕ್ಕಿತು. ಒಂದು ದಿನ ಊಟಕ್ಕೆ ಕೂತಾಗ ನನಗೂ ಅವ್ವನಿಗೂ ಹೇಳಿದರು.

"ಒಬ್ಬ ಮನುಷ್ಯ ಬೆಂಗಳೂರಾಗೆ ಗಾರ್ಮೆಂಟ್ಸ್ ಕೆಲಸ ಬಿಟ್ಟು, ಬಸ್ ಇಳಿದು ಮನೆಗೆ ನಡ್ಕೊಂಡ್ ಬರ್ತಾನೆ."

"ಬಂದು?" ಅಂದೆ.

"ಬಂದ. ಹೆಂಡ್ತಿ ಬಾಗಿಲಾಗೆ ನಿಂತು ಊಟಕ್ಕೆ ಕರೀತಾಳೆ."

"ಆಮ್ಯಾಲೆ?"

"ಮುಗೀತು."

ಅವ್ವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಗೋಡೆಯ ಕಡೆ ನೋಡಿ, "ಇದಕ್ಕ ಪಿಚ್ಚರ್ ಯಾಕ ಬೇಕಂತ ಕೇಳು. ನಮ್ಮ ಬೀದ್ಯಾಗ ದಿನಾ ನಡೀತೈತಿ" ಅಂದಳು.

ಇವರು ನಕ್ಕರು. ಅವ್ವ ಕೈ ತೊಳೆಯಲು ಎದ್ದು ಹೋದ ಮೇಲೆ ನನಗೊಬ್ಬಳಿಗೇ ಅಂದರು: "ನಾನು ಬೆಂಗಳೂರಿಂದ ರೊಳ್ಳಕ್ಕೆ ಹೋದಾಗೆಲ್ಲ ಬಾಗಿಲಿಗೆ ಬೀಗ ಇರ್ತಿತ್ತು ಕಣಮ್ಮಿ. ನಮ್ಮವ್ವ ಹಿಪ್ಪುನೇರಳೆ ಸೊಪ್ಪು ಕೊಯ್ಯೋ ಕೂಲಿಗೆ ಹೋಗಿರ್ತಿದ್ಲು. ಬೀಗದ ಕೈ ಯಾವ ಕಲ್ಲಿನಡಿ ಅಂತ ನಂಗೆ ಗೊತ್ತಿತ್ತು. ನಾನೇ ತೆಗೆದು, ನಾನೇ ಇಕ್ಕೊಂಡು ಉಣ್ತಿದ್ದೆ. ಬಾ ಅಂತ ಬಾಗಿಲಾಗೆ ನಿಂತು ಕರೆದಿದ್ದು ಮೊದ್ಲು ನೀನೇ."

"ಇನ್ನೊಂದೀಟು ಸಾರು ಹಾಕ್ಲೇನ್ರಿ?" ಅಂದೆ.

ಆ ಪಿಚ್ಚರಿಗೆ ಬಸಣ್ಣ ನಾಯಕ. ಅವನ ನಡಿಗೆ ಬಾತುಕೋಳಿಯಂತಿದ್ದುದರಿಂದ ಹಿಂದಿನಿಂದ ತೆಗೆಯುವುದು ಬೇಡ ಅಂದೆ. "ಬೆಂಗಳೂರಾಗೆ ನಿಂತು ನಿಂತು ಕಾಲು ಹಂಗಾಗ್ತವೆ" ಅಂದರು ಇವರು. ದಾರಿಯಲ್ಲಿ ಒಂದು ಕಡೆ ಬಹಳ ನೀರು ಕಾಣಬೇಕು ಅಂತ ಭೈರವಾನಿತಿಪ್ಪದ ಡ್ಯಾಮಿಗೂ ಕರೆದುಕೊಂಡು ಹೋದರು. ಆ ವರ್ಷ ಡ್ಯಾಮಿನ ತಳದಲ್ಲಿ ಕುರಿ ಮೇಯುತ್ತಿದ್ದವು. ಬಸಣ್ಣ ಬ್ಯಾಗು ಹಿಡಿದು ಕುರಿಗಳ ನಡುವೆ ನಿಂತು, "ಮಾಸ್ಟರ್ರ, ನೀರೆಲ್ಲಿ ಐತ್ರಿ?" ಅಂದ. "ನೀರು ಐತೆ ಅಂತ ನೋಡು" ಅಂದರು. ಅವನು ನೋಡಿದ. ಆ ತುಣುಕು ನೋಡಿದಾಗಲೆಲ್ಲ ನನಗೆ ಈಗಲೂ ಅಲ್ಲಿ ನೀರಿದೆ ಅನ್ನಿಸುತ್ತದೆ.

ಇಷ್ಟೆಲ್ಲ ಮಾಡಿದರೂ, ಮೊದಲ ಜೇಬಿನ ವಿಡಿಯೊದಲ್ಲಿ ಮಾತಿಲ್ಲದೆ ಕತ್ತರಿಸಿದ ಕೈ ಬಿಟ್ಟರೆ, ಇವರು ಒಂದು ವಿಡಿಯೊದಲ್ಲೂ ಇಲ್ಲ. ಮುಖ ಇಲ್ಲ, ದನಿಯೂ ಇಲ್ಲ. ಪ್ರತಿ ತುಣುಕಿನ ಮೊದಲಿಗೆ ಇವರ "ಹೂಂ", ಕೊನೆಗೆ ಇವರ "ಆಯ್ತು" ಇದ್ದೇ ಇರುತ್ತಿದ್ದವು. ಸುಮ್ಮನೆ ನಿಂತದ್ದನ್ನು ಉಳಿಸಿಕೊಂಡು, ಆ ಎರಡು ಮಾತುಗಳನ್ನು ಮಾತ್ರ ಕತ್ತರಿಸಿ ಎಸೆಯುತ್ತಿದ್ದರು. ಕತ್ತರಿಸಿದ ಮೇಲೆ ಫೋನಿನಲ್ಲಿ ಜಾಗ ಆಗಲಿ ಅಂತ ಮೂಲದ್ದನ್ನೂ ಅಳಿಸುತ್ತಿದ್ದರು. ನಾನೊಮ್ಮೆ ಕೇಳಿದೆ.

"ನಿಮ್ಮ ಮುಖಾನೂ ಒಂದ್ಸಲ ತೋರ್ಸ್ರಿ. ನಿಮ್ಮ ಪಿಚ್ಚರ್‌ನಾಗ ಕುರಿ ಸೈತ ಅದಾವ, ನೀವ ಇಲ್ಲ."

"ಪ್ಯಾಂಟ್ ಮೇಲೆ ಕಟಿಂಗ್ ಮಾಸ್ಟರ್ ಕಾಣ್ತಾನೇನಮ್ಮಿ? ಕಂಡ್ರೆ ಆ ಪ್ಯಾಂಟು ಕೆಟ್ಟಂಗೆ."

ಪಿಚ್ಚರಿಗೆ ಉಳಿದಿದ್ದದ್ದು ಒಂದೇ ತುಣುಕು. ಹೆಂಡತಿ ಬಾಗಿಲಲ್ಲಿ ನಿಂತು ಕರೆಯುವುದು. ಅದನ್ನೇ ಆ ಭಾನುವಾರ ತೆಗೆದದ್ದು. ಅದನ್ನೇ ಸೋಮವಾರ ಮತ್ತೆ ತೆಗೆಯಬೇಕಿದ್ದದ್ದು.

ಸೋಮವಾರ ಬೆಳಿಗ್ಗೆ ಇವರು ಯೂನಿಟ್ಟಿಗೆ ಹೋದರು. ಬಟ್ಟೆ ಹಾಸುವುದನ್ನು ನೋಡುತ್ತಿದ್ದವರು, ಟೇಬಲ್ಲಿನ ಪಕ್ಕದ ಬಟ್ಟೆಯ ಉಂಡೆಯ ಮೇಲೆ ಕೂತು, ಗೋಡೆಗೆ ಒರಗಿದರಂತೆ. ಇವರು ಹೀಗೆ ಕೂರುವುದು ಹೊಸದಲ್ಲ. ಕೆಲಸದ ನಡುವೆ ಒಂದು ಕಡೆ ಕಣ್ಣು ನೆಟ್ಟು ಕೂತುಬಿಡುತ್ತಿದ್ದರು. ಯಾವುದೋ ತುಣುಕು ಕಾಣುತ್ತಿದೆ ಅಂತ ಎಲ್ಲರೂ ಅವರ ಪಾಡಿಗೆ ಅವರನ್ನು ಬಿಡುತ್ತಿದ್ದರು. ಅವತ್ತೂ ಬಿಟ್ಟರು. ಇವರ ಕೈಕೆಳಗೆ ಕೆಲಸ ಮಾಡುತ್ತಿದ್ದ ಹೆಂಗಸೊಬ್ಬಳು ಆಮೇಲೆ ನನ್ನ ಕೈ ಹಿಡಿದುಕೊಂಡು ಹೇಳಿದಳು: "ಮಾಸ್ಟರ್ ಸುಮ್ನ ಕುಂತಿದ್ರಕ್ಕ. ಯಾವಾಗ್ಲೂ ಕುಂತಂಗ ಕುಂತಿದ್ರು. ನಾವು ಅಂಚು ಬಿಡಾಕತ್ತಾರ ಅಂದ್ಕೊಂಡ್ವಿ." ಆಕೆಯದು ಏನೂ ತಪ್ಪಿಲ್ಲ. ನಾನು ಅಲ್ಲಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದೆ. ಹೃದಯ ಕೂತಲ್ಲೇ ನಿಂತಿತ್ತು, ಯಾರು ಏನು ಮಾಡಿದ್ದರೂ ಉಳಿಯುತ್ತಿರಲಿಲ್ಲ ಅಂತ ಡಾಕ್ಟರು ಅಂದರು.

ಗುಮ್ಮಗಟ್ಟಕ್ಕೆ ಫೋನು ಮಾಡಿದವಳು ಅವ್ವ. ನಾನು ಪಕ್ಕದಲ್ಲಿದ್ದೆ, ದೊಡ್ಡವ್ವನ ದನಿ ನನಗೂ ಕೇಳಿಸುತ್ತಿತ್ತು. ಮೊದಲು ನಕ್ಕಳು.

"ಈ ಸಲ ಅಳಿಯಂದ್ರೇ ಸತ್ತಾರೇನು? ಪಿಚ್ಚರ್ ಯಾವಾಗ ಬಿಡ್ತಾರ?"

ಅವ್ವ ಮಾತಾಡಲಿಲ್ಲ. ಅತ್ತ ದೊಡ್ಡವ್ವನೂ ಮಾತಾಡಲಿಲ್ಲ. ಇಬ್ಬರೂ ಫೋನು ಹಿಡಿದುಕೊಂಡು ಹಾಗೇ ಬಹಳ ಹೊತ್ತು ಇದ್ದರು. ಆಮೇಲೆ ದೊಡ್ಡವ್ವ ಸಣ್ಣ ದನಿಯಲ್ಲಿ, "ಬರ್ತೀನಿ" ಅಂದಳು. ಬರುವುದಿಲ್ಲ ಅಂದವಳು ಬಂದಳು. ಈ ಸಲ ಹಾರ ತಂದಿರಲಿಲ್ಲ. ಹೇಗಾದರೂ ಸುಳ್ಳಾಗಿರಲಿ ಅಂತ ದಾರಿಯುದ್ದಕ್ಕೂ ಹಾರ ಕೊಳ್ಳದೆ ಬಂದಿದ್ದಳಂತೆ.

ಕೆಲವು ದಿನ ನಾನು ಆ ಫೋನು ಮುಟ್ಟಲಿಲ್ಲ. ಆಮೇಲೆ ಮುಟ್ಟಿದೆ. ಅದರ ಬೀಗ ತೆಗೆಯುವ ಗೆರೆ ನನಗೆ ಗೊತ್ತಿತ್ತು. ಜೀನ್ಸ್ ಪ್ಯಾಂಟಿನ ಹಿಂದಿನ ಜೇಬಿನ ಮೇಲೆ ಹೊಲಿಗೆ ಹೇಗೆ ತಿರುಗುತ್ತದೋ ಹಾಗೆ ಬೆರಳು ಎಳೆಯಬೇಕು. ಒಳಗೆ ಪಿಚ್ಚರ್ ಇತ್ತು. ಬಸ್ಸಿನಿಂದ ಇಳಿದ ಬಸಣ್ಣ ನಮ್ಮ ಬೀದಿಯ ತುದಿಯವರೆಗೆ ಬಂದು ನಿಂತಿದ್ದ. ಅದರ ಪಕ್ಕದಲ್ಲಿ ಬೇರೆಯಾಗಿ, ಕತ್ತರಿಸದೆ, ಭಾನುವಾರದ ತುಣುಕು ಇತ್ತು. ಇವರು ಕತ್ತರಿಸುವುದನ್ನು ನಾನು ದಿನಾ ಪಕ್ಕದಲ್ಲಿ ದಾರ ತೆಗೆಯುತ್ತಾ ನೋಡಿದ್ದೆ. ಎರಡನ್ನೂ ಜೋಡಿಸಿದೆ. ಒಂದು ದಿನದ ಕೆಲಸ ಅದು. ನನಗೆ ತಿಥಿಯ ಹಿಂದಿನ ರಾತ್ರಿಯವರೆಗೂ ಹಿಡಿಯಿತು.

ತಿಥಿಯ ದಿನ ಊಟವಾದ ಮೇಲೆ ಬಸಣ್ಣ ಎಲ್ಲಿಂದಲೋ ಒಂದು ದೊಡ್ಡ ಟೀವಿ ತಂದು ಪಡಸಾಲೆಯಲ್ಲಿ ಇಟ್ಟ. ಯೂನಿಟ್ಟಿನವರು, ಬೀದಿಯವರು, ಗುಮ್ಮಗಟ್ಟದವರು, ರೊಳ್ಳದಿಂದ ಇವರ ತಮ್ಮ, ಎಲ್ಲರೂ ಕೂತರು. ಆ ಕಿರಾಣಿ ವ್ಯಾಪಾರಿಯೂ ಬಂದಿದ್ದರು. ಬಸಣ್ಣನ ನಡಿಗೆ ಬಂದಾಗ ಮೊದಲು ಯಾರೋ ನಕ್ಕರು, ಆಮೇಲೆ ಎಲ್ಲರೂ ನಕ್ಕರು, ನಾನೂ ನಕ್ಕೆ. ಕುರಿಗಳ ನಡುವೆ ಅವನು ನೀರು ನೋಡಿದಾಗ ಯಾರೂ ನಗಲಿಲ್ಲ.

ಯಾರೂ ಏಳಲಿಲ್ಲ. ಫೋನು ಬಂದವರೂ ಅದನ್ನು ಆರಿಸಿ ಜೇಬಿಗೆ ಹಾಕಿದರು. ನಾನು ಹೊಸ್ತಿಲ ಮೇಲೆ ನಿಂತು ಕರೆದೆ, ಟೀವಿಯಲ್ಲಿ. ಕರೆದು ನಿಂತೆ. ಪರದೆ ಹಾಗೇ ನಿಂತಿತು. ಪಿಚ್ಚರ್ ಮುಗಿಯಿತೋ ಇಲ್ಲವೋ ಯಾರಿಗೂ ತಿಳಿಯದೆ ಎಲ್ಲರೂ ಕೂತೇ ಇದ್ದರು. ಎದುರು ಮನೆಯಾಕೆಯ ತೊಡೆಯ ಮೇಲಿದ್ದ ಮಗು ಸಹ ಅಲ್ಲಾಡಲಿಲ್ಲ. ಕಡೆಗೆ ಅವ್ವ ಎದ್ದು ದೀಪ ಹಚ್ಚಿದಳು.

ಇವರಿಗೆ ಬೇಕಾಗಿದ್ದದ್ದು ಅದೊಂದೇ, ಕೊನೆಯವರೆಗೆ ಕೂತು ನೋಡುವ ಜನ. ಅವರು ಸಿಕ್ಕರು. ಕತ್ತರಿ ಮಷಿನ್ನು ಬಿಡುವುದೂ ಆಗಿಹೋಯಿತು, ಇವರು ಅಂದುಕೊಂಡ ಹಾಗಲ್ಲದಿದ್ದರೂ.

ನಾನು ಈಗಲೂ ದಾರ ಕತ್ತರಿಸುತ್ತೇನೆ. ಆ ಸೀರೆ ಒಗೆದಿಲ್ಲ. ಸಂಜೆ ಅದೇ ಬೆಳಕು ಬಾಗಿಲಿಗೆ ಬಂದಾಗ ಕೆಲವು ದಿನ ಎದ್ದು ನಿಲ್ಲುತ್ತೇನೆ. ಅವ್ವ ಈಗ ಹೊಸ್ತಿಲ ವಿಷಯ ಎತ್ತುವುದಿಲ್ಲ. ಇವರು ಮಾಡಿದ ವಿಡಿಯೊಗಳೆಲ್ಲ ನೆಟ್ಟಿನಲ್ಲಿ ಹಾಗೇ ಇವೆ, ಯಾರು ಬೇಕಾದರೂ ನೋಡಬಹುದು. ಅವುಗಳಲ್ಲಿ ನಮ್ಮ ಊರೇ ಇದೆ. ಇವರ ದನಿ ಇರುವುದು ಆ ಒಂದು ತುಣುಕಿನಲ್ಲಿ ಮಾತ್ರ. ಇವರಿದ್ದರೆ ಅದನ್ನು ಕತ್ತರಿಸುತ್ತಿದ್ದರು. ನಾನು ಕತ್ತರಿಸಲಿಲ್ಲ. ಶುರುವಿಗೆ "ಹೂಂ" ಇದೆ. ಕೊನೆಗೆ "ಆಯ್ತು" ಇಲ್ಲ.